ಬೇಸ್‌ಬಾಲ್ ವೀರ ಬೇಬ್ ರೂತ್



ನಮ್ಮ ಗೋಡೆ ಪತ್ರಿಕೆಯಲ್ಲಿ ಪ್ರತಿ ಸಲ ಗಾಂಧೀಜಿ, ವಿಶ್ವೇಶ್ವರಯ್ಯ, ಕಿತ್ತೂರು ಚೆನ್ನಮ್ಮ ಇಂಥವರ ಜೀವನ ಚರಿತ್ರೆ ಬರುತ್ತದೆ. ಈ ಸಲ ನಾನು ಅಮೆರಿಕ ದೇಶದ ಒಬ್ಬ ಆಟಗಾರರ ಬಗ್ಗೆ ಬರೆದಿದ್ದೇನೆ. ಅವರ ಹೆಸರು ಬೇಬ್ ರೂತ್. ಆಡಿದ್ದು ಬೇಸ್‌ಬಾಲ್. ಆ ಆಟವನ್ನು ನಮ್ಮೂರಲ್ಲಿ ಯಾರೂ ಆಡಿಲ್ಲ, ನಾನೂ ಆಡಿಲ್ಲ. ಆದರೂ ಎರಡು ಕಾರಣಕ್ಕೆ ಬರೆಯಬೇಕು ಅನ್ನಿಸಿತು. ಒಂದು, ಏಳು ವರ್ಷದ ಹುಡುಗನನ್ನು ಇವನು ಉದ್ಧಾರ ಆಗಲ್ಲ ಅಂತ ಅಪ್ಪ ಅಮ್ಮನೇ ಕೈಬಿಟ್ಟ ಮೇಲೆ ಅವನಿಗೆ ಏನಾಯಿತು ಅನ್ನೋದು. ಎರಡು, ನಾವು ಮೈದಾನದಲ್ಲಿ ದಿನಾ ಜಗಳ ಆಡುವ ಪ್ರಶ್ನೆ. ಚೆಂಡು ದೂರ ಹೋಗಬೇಕಾದರೆ ರಟ್ಟೆಯಲ್ಲಿ ಬಲ ಇರಬೇಕಾ, ಬೇಡವಾ? ದಪ್ಪ ರಟ್ಟೆ ಇದ್ದವರೇ ಸಿಕ್ಸರ್ ಹೊಡೀತಾರೆ ಅಂತ ನಮ್ಮ ತರಗತಿಯಲ್ಲಿ ಅರ್ಧ ಜನ ಹೇಳ್ತಾರೆ. ಈ ಲೇಖನ ಪೂರ್ತಿ ಓದಿ ಆಮೇಲೆ ಹೇಳಿ.

ಬೇಬ್ ರೂತ್ ಅವರ ನಿಜವಾದ ಹೆಸರು ಜಾರ್ಜ್ ಹರ್ಮನ್ ರೂತ್. ದಿನಾಂಕ 6-2-1895 ರಂದು ಅಮೆರಿಕದ ಬಾಲ್ಟಿಮೋರ್ ಎಂಬ ಬಂದರು ಪಟ್ಟಣದಲ್ಲಿ ಜನಿಸಿದರು. ತಂದೆಯ ಹೆಸರೂ ಜಾರ್ಜ್, ತಾಯಿ ಕೇಟ್. ಇವರಿಗೆ ಹುಟ್ಟಿದ ಎಂಟು ಮಕ್ಕಳಲ್ಲಿ ಬದುಕಿ ಉಳಿದದ್ದು ಇಬ್ಬರೇ, ಜಾರ್ಜ್ ಮತ್ತು ತಂಗಿ ಮೇಮಿ. ಇದನ್ನು ಓದಿದಾಗ ನನಗೆ ಆ ತಾಯಿಯ ಮೇಲೆ ಸಿಟ್ಟು ಮಾಡಿಕೊಳ್ಳೋಕೆ ಆಗಲಿಲ್ಲ. ತಂದೆ ಹೆಂಡದಂಗಡಿ ಇಟ್ಟಿದ್ದ. ಅಪ್ಪ ಅಮ್ಮ ಇಬ್ಬರೂ ಅಂಗಡಿಯ ಕೆಲಸದಲ್ಲಿ ಮುಳುಗಿರುತ್ತಿದ್ದರು. ಹುಡುಗ ಶಾಲೆಗೆ ಹೋಗದೆ ಬೀದಿಯಲ್ಲಿ ತಿರುಗುವುದು, ಬಂಡಿಯವರ ಮೇಲೆ ಏನಾದರೂ ಎಸೆದು ಓಡುವುದು, ತಂಬಾಕು ಜಗಿಯುವುದು, ಇಂಥದ್ದನ್ನೆಲ್ಲಾ ಕಲಿತ. ಏಳು ವರ್ಷಕ್ಕೇ!

1902 ರಲ್ಲಿ ಅವನನ್ನು ಸೇಂಟ್ ಮೇರೀಸ್ ಎಂಬ ಶಾಲೆಗೆ ಸೇರಿಸಿದರು. ಅದು ನಮ್ಮ ಶಾಲೆಯ ಹಾಗಲ್ಲ. ಅನಾಥರು ಮತ್ತು ಹೇಳಿದ ಮಾತು ಕೇಳದ ಹುಡುಗರು ಇರುವ ಜಾಗ, ಸುತ್ತ ಗೋಡೆ. ಅಲ್ಲಿ ನೂರಾರು ಹುಡುಗರಿದ್ದರು. ಕ್ರೈಸ್ತ ಧರ್ಮದ ಬ್ರದರ್‌ಗಳು ಅದನ್ನು ನಡೆಸುತ್ತಿದ್ದರು. ಜಾರ್ಜ್ ನಡುನಡುವೆ ಮನೆಗೆ ಹೋಗುವುದು, ಮತ್ತೆ ವಾಪಸು ಬರುವುದು, ಹೀಗೆ 1914 ರವರೆಗೂ ಅವನ ಜೀವನ ಹೆಚ್ಚುಕಮ್ಮಿ ಅಲ್ಲೇ ಕಳೆಯಿತು. ಅವನನ್ನು ನೋಡೋಕೆ ಮನೆಯಿಂದ ಬರುತ್ತಿದ್ದವರು ಬಹಳ ಕಡಿಮೆಯಂತೆ. ಹಾಸ್ಟೆಲಿನಲ್ಲಿ ಇದ್ದು ಬಂದ ನಮ್ಮ ಸ್ನೇಹಿತರಿಗೆ ಇದು ಬೇಗ ಅರ್ಥ ಆಗುತ್ತದೆ. ಭಾನುವಾರ ಬೇರೆಯವರ ಮನೆಯವರು ಬುತ್ತಿ ತಂದಿರುತ್ತಾರೆ, ನಮ್ಮವರು ಬಂದಿರುವುದಿಲ್ಲ.

ಅಲ್ಲಿ ಹುಡುಗರಿಗೆ ಕೈಕೆಲಸ ಕಲಿಸುತ್ತಿದ್ದರು. ಜಾರ್ಜ್ ಕಲಿತದ್ದು ಅಂಗಿ ಹೊಲಿಯುವುದು. ಅವನು ಎಡಚ. ಆದರೆ ಆಗಿನ ಪದ್ಧತಿಯಂತೆ ಬಲಗೈಯಲ್ಲೇ ಬರೆಯಬೇಕು ಅಂತ ಮಾಡಿಸಿದರು. ಹಾಗಾಗಿ ಜೀವನಪೂರ್ತಿ ಬರೆದದ್ದು ಬಲಗೈಯಲ್ಲಿ, ಚೆಂಡು ಎಸೆದದ್ದು ಎಡಗೈಯಲ್ಲಿ. ಶಾಲೆಯಲ್ಲಿ ಎಡಚರಿಗೆ ಬೇಕಾದ ಕೈಚೀಲ ಇರಲಿಲ್ಲ. ಕೈಚೀಲ ಅಂದರೆ ಚೆಂಡು ಹಿಡಿಯಲು ಹಾಕಿಕೊಳ್ಳುವ ಚರ್ಮದ ಗ್ಲೌಸು. ಜಾರ್ಜ್ ಬಲಗೈಯವರ ಗ್ಲೌಸನ್ನೇ ಎಡಗೈಗೆ ಹಾಕಿ ಚೆಂಡು ಹಿಡಿದು, ಗ್ಲೌಸು ಕಿತ್ತು ಬಿಸಾಕಿ, ಅದೇ ಎಡಗೈಯಲ್ಲಿ ಎಸೆಯುತ್ತಿದ್ದ. ಇಷ್ಟೆಲ್ಲಾ ಮಾಡುವಷ್ಟರಲ್ಲಿ ಓಡುವವನು ಮುಟ್ಟಿಬಿಡಬೇಕು, ಆದರೆ ಮುಟ್ಟುತ್ತಿರಲಿಲ್ಲ!

ಆ ಶಾಲೆಯಲ್ಲಿ ಬ್ರದರ್ ಮಥಾಯಸ್ ಎಂಬ ಗುರುಗಳಿದ್ದರು. ಆರೂವರೆ ಅಡಿ ಎತ್ತರದ ದೊಡ್ಡ ಆಳು. ಅವರು ಮೈದಾನದ ಒಂದು ಕಡೆ ನಿಂತು ಒಂದೇ ಕೈಯಲ್ಲಿ ಬ್ಯಾಟು ಹಿಡಿದು ಚೆಂಡನ್ನು ಆಕಾಶಕ್ಕೆ ಹೊಡೆಯುತ್ತಿದ್ದರು. ಜಾರ್ಜ್ ಬಾಯಿ ಬಿಟ್ಟು ನೋಡುತ್ತಿದ್ದ. ಅವರು ಪಾದ ಒಳಕ್ಕೆ ತಿರುಗಿಸಿ ಸಣ್ಣ ಸಣ್ಣ ಹೆಜ್ಜೆ ಇಟ್ಟು ನಡೆಯುತ್ತಿದ್ದರು. ಇವನೂ ಹಾಗೇ ನಡೆಯೋಕೆ ಶುರು ಮಾಡಿದ. ಅವರು ಬ್ಯಾಟು ಬೀಸಿದ ಹಾಗೆ ಬೀಸೋಕೆ ಶುರು ಮಾಡಿದ. ಸಂಜೆ ಗಂಟೆಗಟ್ಟಲೆ ಅವನಿಗೆ ಆಟ ಕಲಿಸಿದರು. ಮುಂದೆ ಎಷ್ಟು ದೊಡ್ಡವರಾದರೂ ಬೇಬ್ ರೂತ್ ತಮ್ಮ ಜೀವನದಲ್ಲಿ ಕಂಡ ಅತಿ ದೊಡ್ಡ ಮನುಷ್ಯ ಅಂತ ಹೇಳುತ್ತಿದ್ದುದು ಇವರನ್ನೇ. ನನಗೆ ಅನ್ನಿಸುವುದು, ಆ ಹುಡುಗನಿಗೆ ಬೇಸ್‌ಬಾಲ್‌ಗಿಂತ ಹೆಚ್ಚಾಗಿ ಬೇಕಾಗಿದ್ದದ್ದು ತನ್ನನ್ನು ಯಾರಾದರೂ ಒಬ್ಬರು ನೋಡುತ್ತಿದ್ದಾರೆ ಅನ್ನೋದು.

ಈಗ ಆಟದ ಬಗ್ಗೆ ಸ್ವಲ್ಪ ಹೇಳುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಬೇಸ್‌ಬಾಲ್ ಬ್ಯಾಟು ನಮ್ಮ ಕ್ರಿಕೆಟ್ ಬ್ಯಾಟಿನ ಹಾಗೆ ಚಪ್ಪಟೆ ಅಲ್ಲ, ಒನಕೆಯ ಹಾಗೆ ಗುಂಡಗೆ. ಚೆಂಡು ಎಸೆಯುವವನನ್ನು ಪಿಚರ್ ಅಂತಾರೆ. ಅವನು 60 ಅಡಿ 6 ಅಂಗುಲ ದೂರದಿಂದ ಎಸೆಯುತ್ತಾನೆ, ನೆಲಕ್ಕೆ ಬೀಳದೆ ನೇರವಾಗಿ ಬರಬೇಕು. ಹೊಡೆದ ಚೆಂಡು ಬೇಲಿ ದಾಟಿ ಹೊರಗೆ ಬಿದ್ದರೆ ಹೋಂ ರನ್, ನಮ್ಮ ಸಿಕ್ಸರ್ ಇದ್ದ ಹಾಗೆ. ಮೂರು ಸಲ ತಪ್ಪಿದರೆ ಔಟು. ಗಂಟೆಗೆ 145 ಕಿ.ಮೀ. ವೇಗದ ಚೆಂಡು ಬ್ಯಾಟಿನ ಹತ್ತಿರ ಬರಲು ಸುಮಾರು 0.4 ಸೆಕೆಂಡು ಸಾಕು. ನಾನು ಲೆಕ್ಕ ಮಾಡಿ ನೋಡಿದೆ, ಸರಿ ಬರುತ್ತದೆ. ಅದರಲ್ಲಿ ಬ್ಯಾಟು ಬೀಸಲಿಕ್ಕೇ ಸುಮಾರು 0.15 ಸೆಕೆಂಡು ಬೇಕು. ಉಳಿದ ಕಾಲದಲ್ಲಿ ನೋಡಬೇಕು, ಹೊಡೆಯೋದಾ ಬಿಡೋದಾ ಅಂತ ತೀರ್ಮಾನ ಮಾಡಬೇಕು.

1914 ರಲ್ಲಿ ಬಾಲ್ಟಿಮೋರ್ ತಂಡದ ಮಾಲೀಕ ಜ್ಯಾಕ್ ಡನ್ ಶಾಲೆಗೆ ಬಂದು 19 ವರ್ಷದ ಜಾರ್ಜ್‌ನನ್ನು ನೋಡಿ 600 ಡಾಲರ್ ಸಂಬಳಕ್ಕೆ ಸೇರಿಸಿಕೊಂಡರು. ಹುಡುಗನಿಗೆ ಇನ್ನೂ 21 ತುಂಬಿರಲಿಲ್ಲ. ಅದಕ್ಕೆ ಡನ್ ಅವರೇ ಪೋಷಕರಾಗಿ ಜವಾಬ್ದಾರಿ ತೆಗೆದುಕೊಳ್ಳಬೇಕಾಯಿತು. ಉಳಿದ ಆಟಗಾರರು ಇವನು ಡನ್ ಸಾಹೇಬರ ಕೂಸು ಅಂತ ತಮಾಷೆ ಮಾಡಿದರು. ಬೇಬ್ ಅಂದರೆ ಕೂಸು. ಆರಡಿ ಎರಡಂಗುಲದ ಕೂಸು! ಹೋಟೆಲಿನಲ್ಲಿ ಲಿಫ್ಟು ಕಂಡು ಅದರಲ್ಲೇ ಮೇಲೆ ಕೆಳಗೆ ಹೋಗಿ ಬಂದು ಆಟ ಆಡುತ್ತಿದ್ದನಂತೆ. ನಾನಾದರೂ ಅದನ್ನೇ ಮಾಡುತ್ತಿದ್ದೆ.

ಇಲ್ಲಿಂದ ಮುಂದೆ ಅವರು ಅಂತಲೇ ಬರೆಯುತ್ತೇನೆ, ದೊಡ್ಡವರಾದರಲ್ಲ.

ಅದೇ ವರ್ಷ ಜುಲೈನಲ್ಲಿ ಬಾಸ್ಟನ್ ರೆಡ್ ಸಾಕ್ಸ್ ತಂಡ ಅವರನ್ನು ಕೊಂಡುಕೊಂಡಿತು. ಆಶ್ಚರ್ಯ ಏನು ಅಂದರೆ ರೂತ್ ಮೊದಲು ಹೆಸರು ಮಾಡಿದ್ದು ಬ್ಯಾಟಿನಿಂದ ಅಲ್ಲ, ಚೆಂಡು ಎಸೆಯುವುದರಿಂದ. 1916 ರಲ್ಲಿ 23 ಪಂದ್ಯ, 1917 ರಲ್ಲಿ 24 ಪಂದ್ಯ ಪಿಚರ್ ಆಗಿ ಗೆದ್ದರು. ಆ ದೇಶದ ದೊಡ್ಡ ಸರಣಿಯಲ್ಲಿ 1916 ಮತ್ತು 1918 ಸೇರಿಸಿ 29 ಇನ್ನಿಂಗ್ಸ್‌ಗಿಂತ ಹೆಚ್ಚು ಕಾಲ ಎದುರಾಳಿಗೆ ಒಂದು ರನ್ನೂ ಕೊಡಲಿಲ್ಲ. ಆ ದಾಖಲೆ 1961 ರವರೆಗೆ ಹಾಗೇ ಇತ್ತು. ಆದರೆ ಪಿಚರ್‌ಗಳು ನಾಲ್ಕೈದು ದಿನಕ್ಕೆ ಒಮ್ಮೆ ಮಾತ್ರ ಆಡುತ್ತಾರೆ. ಇವರು ಹೊಡೆಯುವುದು ನೋಡಲು ಜನ ದಿನಾ ಬರೋಕೆ ತಯಾರಿದ್ದರು. ಅದಕ್ಕೆ ಸ್ವಲ್ಪ ಸ್ವಲ್ಪವಾಗಿ ಎಸೆಯುವುದು ಬಿಡಿಸಿ ಹೊಡೆಯಲು ಹಚ್ಚಿದರು. 1919 ರಲ್ಲಿ 29 ಹೋಂ ರನ್ ಹೊಡೆದರು. ಅಲ್ಲಿಯವರೆಗೆ ಒಂದೇ ವರ್ಷದಲ್ಲಿ ಯಾರೂ ಅಷ್ಟು ಹೊಡೆದಿರಲಿಲ್ಲ.

ಇನ್ನು ನನ್ನ ಮುಖ್ಯ ವಿಷಯ, ಅವರು ಹೇಗೆ ಹೊಡೆಯುತ್ತಿದ್ದರು ಅನ್ನೋದು.

ಅವರಿಗಿಂತ ಮೊದಲಿನ ಆಟಗಾರರು ಬ್ಯಾಟನ್ನು ಸ್ವಲ್ಪ ಮೇಲೆ ಹಿಡಿಯುತ್ತಿದ್ದರು. ಟೈ ಕಾಬ್ ಎಂಬ ದೊಡ್ಡ ಆಟಗಾರರು ಎರಡು ಕೈಗಳ ನಡುವೆ ಜಾಗ ಬಿಟ್ಟು ಹಿಡಿಯುತ್ತಿದ್ದರು. ಹಾಗೆ ಹಿಡಿದರೆ ಚೆಂಡನ್ನು ತಟ್ಟಿ ಬೇಕಾದ ಕಡೆ ಕಳಿಸಬಹುದು, ಆದರೆ ದೂರ ಹೋಗುವುದಿಲ್ಲ. ರೂತ್ ಬ್ಯಾಟಿನ ತೀರಾ ತುದಿಯಲ್ಲಿ ಹಿಡಿದರು. ತುದಿಯಲ್ಲಿ ಒಂದು ಗುಂಡು ಇರುತ್ತದೆ, ಕೆಳಗಿನ ಕೈಯ ಕಿರುಬೆರಳು ಆ ಗುಂಡಿನ ಮೇಲೇ ಬರುತ್ತಿತ್ತು. ಬ್ಯಾಟಿನ ತೂಕವೂ ಬಹಳ. 40 ಔನ್ಸ್ ಮತ್ತು ಅದಕ್ಕಿಂತ ಹೆಚ್ಚಿನದನ್ನು ಬಳಸುತ್ತಿದ್ದರು, ಅಂದರೆ 1 ಕಿಲೋ 130 ಗ್ರಾಂ. ಈಗಿನವರು ಹಿಡಿಯುವುದು ಸುಮಾರು 900 ಗ್ರಾಂನದು. ಬೀಸುವ ಕ್ರಮವನ್ನು ಜೋ ಜ್ಯಾಕ್ಸನ್ ಎಂಬ ಆಟಗಾರರನ್ನು ನೋಡಿ ಅನುಸರಿಸಿದೆ ಅಂತ ರೂತ್ ಅವರೇ ಒಪ್ಪಿಕೊಂಡಿದ್ದಾರೆ.

ನಿಲ್ಲುವಾಗ ಎರಡು ಪಾದ ಹತ್ತಿರ ಹತ್ತಿರ. ಬಲ ಹೆಗಲನ್ನು ಒಳಕ್ಕೆ ತಿರುಗಿಸಿ, ಬೆನ್ನು ಸ್ವಲ್ಪ ಪಿಚರ್‌ಗೆ ಕಾಣುವ ಹಾಗೆ ನಿಲ್ಲುತ್ತಿದ್ದರು. ಚೆಂಡು ಬರುವಾಗ ಬಲಗಾಲನ್ನು ಮುಂದೆ ದೊಡ್ಡದಾಗಿ ಇಡುತ್ತಿದ್ದರು. ಆಮೇಲೆ ಸೊಂಟ ತಿರುಗುತ್ತಿತ್ತು. ಸೊಂಟದ ಹಿಂದೆ ಹೆಗಲು, ಹೆಗಲಿನ ಹಿಂದೆ ತೋಳು, ತೋಳಿನ ಹಿಂದೆ ಮಣಿಕಟ್ಟು, ಎಲ್ಲಕ್ಕಿಂತ ಕೊನೆಗೆ ಬ್ಯಾಟು. ತಪ್ಪಿದರೆ ಕಾಲು ಎರಡೂ ಹೆಣೆದುಕೊಂಡು ಬುಗುರಿ ಹಾಗೆ ತಿರುಗಿ ನಿಲ್ಲುತ್ತಿದ್ದರು. ಜನ ಅದನ್ನು ನೋಡಲಿಕ್ಕೂ ದುಡ್ಡು ಕೊಡುತ್ತಿದ್ದರು.

ಇದರಲ್ಲಿ ತೋಳಿನ ಕೆಲಸ ಏನು? ತೋಳು ಬಲ ಹುಟ್ಟಿಸುವುದಕ್ಕಿಂತ ಹೆಚ್ಚಾಗಿ ಬಲ ಸಾಗಿಸುತ್ತದೆ. ಬಲದ ಹೆಚ್ಚಿನ ಪಾಲು ಹುಟ್ಟುವುದು ಕಾಲು ಮತ್ತು ಸೊಂಟದಲ್ಲಿ. ನಂಬಿಕೆ ಬರದಿದ್ದರೆ ಹೀಗೆ ಮಾಡಿ. ಎತ್ತರದ ಕಟ್ಟೆಯ ಮೇಲೆ ಕಾಲು ನೆಲಕ್ಕೆ ತಾಗದ ಹಾಗೆ ಕೂತು ಒಂದು ಕೋಲು ಬೀಸಿ. ಆಮೇಲೆ ಇಳಿದು ನಿಂತು ಬೀಸಿ. ರಟ್ಟೆ ಅದೇ, ಕೋಲು ಅದೇ. ಸದ್ದು ಮಾತ್ರ ಬೇರೆ. ನಾನು ನಾಲ್ಕು ಜನರ ಕೈಲಿ ಮಾಡಿಸಿ ನೋಡಿದ್ದೇನೆ. ಕಟ್ಟಿಗೆ ಸೀಳುವವರನ್ನು ನೋಡಿ, ಬರೀ ಕೈಯಿಂದ ಕೊಡಲಿ ಹಾಕುವವರು ಹತ್ತು ಏಟಿಗೆ ಸುಸ್ತಾಗುತ್ತಾರೆ. ಸೊಂಟ ಬಗ್ಗಿಸಿ ಹಾಕುವವರು ಮಧ್ಯಾಹ್ನದವರೆಗೆ ಸೀಳುತ್ತಾರೆ.

ಹಾಗಾದರೆ ತೋಳು ಸುಮ್ಮನೆ ಇದ್ದರೆ ಸಾಕಾ ಅಂದರೆ, ಇಲ್ಲ. ಅದರ ಕೆಲಸ ಬಹಳ ನಾಜೂಕಾದದ್ದು. ರೂತ್ ಎಡಚ ಆದ್ದರಿಂದ ಅವರ ಬಲತೋಳು ಮುಂದೆ, ಎಡತೋಳು ಹಿಂದೆ. ಬೀಸುವ ಶುರುವಿನಲ್ಲಿ ತೋಳು ಮೈ ಹತ್ತಿರ ಇರಬೇಕು. ಹಿಂದಿನ ಮೊಣಕೈ ಪಕ್ಕೆಲುಬಿನ ಹತ್ತಿರಕ್ಕೆ ಇಳಿದು ಬರಬೇಕು. ಯಾಕೆ ಅಂದರೆ ತೋಳು ಚಾಚಿಕೊಂಡು ತಿರುಗಿದರೆ ನಿಧಾನ, ಮಡಚಿಕೊಂಡು ತಿರುಗಿದರೆ ವೇಗ. ನಾವು ಗಿರಗಿರನೆ ಸುತ್ತುವಾಗ ಕೈ ಎದೆಗೆ ಅಪ್ಪಿಕೊಂಡರೆ ಜೋರಾಗಿ ಸುತ್ತುತ್ತೇವಲ್ಲ, ಅದೇ. ಮೈ ಚೆನ್ನಾಗಿ ತಿರುಗಿ ವೇಗ ಬಂದ ಮೇಲೆ ತೋಳು ಬಿಚ್ಚಿಕೊಳ್ಳಬೇಕು. ಆಗ ಮೈಯಲ್ಲಿದ್ದ ವೇಗ ಹೆಗಲಿಗೆ, ಹೆಗಲಿಂದ ಮೊಣಕೈಗೆ, ಮೊಣಕೈಯಿಂದ ಮಣಿಕಟ್ಟಿಗೆ ದಾಟಿ ಬ್ಯಾಟಿನ ತುದಿಗೆ ಹೋಗುತ್ತದೆ. ಬಾರುಕೋಲು ಬೀಸಿದಾಗ ಹಿಡಿ ನಿಧಾನ, ಬಾರಿನ ತುದಿ ಛಟೀರ್ ಅನ್ನುವುದು ಇದೇ ಕಾರಣಕ್ಕೆ.

ಚೆಂಡಿಗೆ ತಾಗುವ ಹೊತ್ತಿಗೆ ಮುಂದಿನ ತೋಳು ಹೆಚ್ಚುಕಮ್ಮಿ ನೇರ, ಹಿಂದಿನ ತೋಳು ಮೊಣಕೈಯಲ್ಲಿ ಇನ್ನೂ ಬಾಗಿರುತ್ತದೆ. ಒಂದು ಅಂಗೈ ಆಕಾಶ ನೋಡುತ್ತದೆ, ಇನ್ನೊಂದು ನೆಲ ನೋಡುತ್ತದೆ. ಚೆಂಡು ಹೋದ ಮೇಲೆ ಮಣಿಕಟ್ಟು ಮಗುಚಬೇಕು. ಮೊದಲೇ ಮಗುಚಿದರೆ ಚೆಂಡು ನೆಲಕ್ಕೆ ಉರುಳುತ್ತದೆ. ಇನ್ನೊಂದು ವಿಚಿತ್ರ ಹೇಳುತ್ತೇನೆ. ಬ್ಯಾಟು ಚೆಂಡು ಒಂದಕ್ಕೊಂದು ತಾಗಿರುವುದು ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ ಕಾಲ. ಅಷ್ಟು ಸಣ್ಣ ಸಮಯದಲ್ಲಿ ಕೈ ಏನೂ ಮಾಡಲಾರದು. ಹಾಗಾಗಿ ತಾಗುವ ಕ್ಷಣದಲ್ಲಿ ಬ್ಯಾಟನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೀರಿ ಅನ್ನೋದರಿಂದ ಚೆಂಡಿನ ದೂರ ಹೆಚ್ಚಾಗುವುದಿಲ್ಲ ಅಂತ ಭೌತವಿಜ್ಞಾನಿಗಳು ಲೆಕ್ಕ ಹಾಕಿ ತೋರಿಸಿದ್ದಾರೆ. ಕೆಲಸ ಎಲ್ಲಾ ಅದಕ್ಕೆ ಮೊದಲೇ ಮುಗಿದಿರಬೇಕು. ಹಲ್ಲು ಕಚ್ಚಿ ಹಿಡಿ ಬಿಗಿ ಮಾಡುವವರು ಇದನ್ನು ಎರಡು ಸಲ ಓದಿ. ಬಿಗಿ ಹಿಡಿದರೆ ಮಣಿಕಟ್ಟು ಸಡಿಲವಾಗಿ ತಿರುಗುವುದೇ ಇಲ್ಲ.

ರೂತ್ ಚೆಂಡಿನ ಕೆಳಗಿನಿಂದ ಮೇಲಕ್ಕೆ ಬೀಸುತ್ತಿದ್ದರು. ಪಿಚರ್ ಎತ್ತರದ ದಿಣ್ಣೆಯ ಮೇಲೆ ನಿಂತು ಎಸೆಯುವುದರಿಂದ ಚೆಂಡು ಇಳಿಜಾರಾಗಿ ಬರುತ್ತದೆ. ಸ್ವಲ್ಪ ಮೇಲ್ಮುಖವಾಗಿ ಬೀಸಿದರೆ ಎದುರಿಗೆ ಸಿಗುತ್ತದೆ, ಮೇಲೂ ಏಳುತ್ತದೆ. ಆಗಿನ ಹಿರಿಯರು ಇದು ತಪ್ಪು ಕ್ರಮ ಅಂತ ಹೇಳುತ್ತಿದ್ದರು. ರೂತ್ ತಪ್ಪಿಸಿಕೊಂಡದ್ದೂ ಬಹಳ ಸಲ, ತಮ್ಮ ಜೀವನದಲ್ಲಿ 1330 ಸಲ ಮೂರೂ ಏಟು ತಪ್ಪಿ ಔಟಾಗಿದ್ದಾರೆ. ಆಗ ಅದೂ ಒಂದು ದಾಖಲೆಯೇ.

1921 ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದವರು ಪಂದ್ಯ ಮುಗಿಸಿ ಬಂದ ರೂತ್ ಅವರನ್ನು ಪ್ರಯೋಗಾಲಯಕ್ಕೆ ಕರೆಸಿ ಪರೀಕ್ಷೆ ಮಾಡಿದರು. ಬ್ಯಾಟಿಗೆ ತಂತಿ ಕಟ್ಟಿ ಬೀಸುವ ವೇಗ ಅಳೆದರು. ಕಣ್ಣು, ಕಿವಿ, ಕೈ ಎಷ್ಟು ಬೇಗ ಕೆಲಸ ಮಾಡುತ್ತವೆ ಅಂತ ನೋಡಿದರು. ಕಣ್ಣು ಸಾಮಾನ್ಯ ಜನರಿಗಿಂತ ಸುಮಾರು ನೂರಕ್ಕೆ ಹನ್ನೆರಡರಷ್ಟು ಚುರುಕು ಅಂತ ಬಂತು. ಒಂದು ದೋಷವನ್ನೂ ಕಂಡುಹಿಡಿದರು. ಬೀಸುವಾಗ ಅವರು ಉಸಿರು ಬಿಗಿಹಿಡಿಯುತ್ತಿದ್ದರಂತೆ, ಬಿಟ್ಟಿದ್ದರೆ ಇನ್ನೂ ಜೋರಾಗಿ ಹೊಡೆಯಬಹುದಿತ್ತಂತೆ. ಆ ವರ್ಷ ಅವರು ಉಸಿರು ಹಿಡಿದುಕೊಂಡೇ 59 ಹೋಂ ರನ್ ಹೊಡೆದರು.

ನಾನು ಸ್ವಲ್ಪ ಮುಂದೆ ಹೋಗಿಬಿಟ್ಟೆ. 1919 ರ ಡಿಸೆಂಬರ್ ಕೊನೆಗೆ ಬಾಸ್ಟನ್ ತಂಡದವರು ರೂತ್ ಅವರನ್ನು ನ್ಯೂಯಾರ್ಕ್ ಯಾಂಕೀಸ್ ತಂಡಕ್ಕೆ ಒಂದು ಲಕ್ಷ ಡಾಲರಿಗೆ ಮಾರಿದರು. ಮನುಷ್ಯರನ್ನು ಹೀಗೆ ಮಾರುವುದು ನನಗೆ ಸರಿ ಕಾಣಲಿಲ್ಲ, ಆದರೆ ಅಲ್ಲಿ ಅದು ಪದ್ಧತಿ. 1920 ರಲ್ಲಿ 54 ಹೋಂ ರನ್. ಅವರ ಲೀಗಿನ ಬೇರೆ ಏಳು ತಂಡಗಳಲ್ಲಿ ಯಾವ ತಂಡವೂ, ಇಡೀ ತಂಡ ಸೇರಿ, ಅಷ್ಟು ಹೊಡೆದಿರಲಿಲ್ಲ. ಇದರಲ್ಲಿ ಒಂದು ವಿಷಯ ಮುಚ್ಚಿಡಬಾರದು. ಅದೇ ವರ್ಷ ಪಿಚರ್‌ಗಳು ಚೆಂಡಿಗೆ ಉಗುಳು ಹಚ್ಚುವುದಕ್ಕೆ ಕಡಿವಾಣ ಹಾಕಿದರು. ಆಗಸ್ಟ್‌ನಲ್ಲಿ ರೇ ಚಾಪ್ಮನ್ ಎಂಬ ಆಟಗಾರರು ತಲೆಗೆ ಚೆಂಡು ಬಡಿದು ತೀರಿಕೊಂಡರು. ಕೊಳೆಯಾದ ಚೆಂಡು ಸಂಜೆ ಬೆಳಕಿನಲ್ಲಿ ಸರಿಯಾಗಿ ಕಾಣುತ್ತಿರಲಿಲ್ಲ. ಆಮೇಲೆ ಬಿಳೀ ಹೊಸ ಚೆಂಡುಗಳನ್ನು ಬೇಗ ಬೇಗ ಬದಲಿಸೋಕೆ ಶುರು ಮಾಡಿದರು. ಇದರಿಂದ ಹೊಡೆಯುವವರೆಲ್ಲರಿಗೂ ಅನುಕೂಲ ಆಯಿತು. ಆದರೂ ಎಲ್ಲರಿಗೂ ಸಿಕ್ಕಿದ್ದು ಒಂದೇ ಚೆಂಡು, 54 ಹೊಡೆದವರು ಒಬ್ಬರೇ.

ಅವರನ್ನು ನೋಡಲು ಬರುವ ಜನರಿಗೆ ಜಾಗ ಸಾಲದೆ ಯಾಂಕೀಸ್ ತಂಡದವರು ದೊಡ್ಡ ಕ್ರೀಡಾಂಗಣ ಕಟ್ಟಿಸಿದರು. 18-4-1923 ರಂದು ಪ್ರಾರಂಭದ ದಿನವೇ ರೂತ್ ಅಲ್ಲಿ ಹೋಂ ರನ್ ಹೊಡೆದರು. ಆ ಕಟ್ಟಡ ಈಗ ಇಲ್ಲ, 2008 ರವರೆಗೆ ಆಡಿ ಆಮೇಲೆ ಕೆಡವಿದರು, ಪಕ್ಕದಲ್ಲೇ ಹೊಸದು ಕಟ್ಟಿದ್ದಾರೆ. ಅವರು ಓದಿದ ಸೇಂಟ್ ಮೇರೀಸ್ ಶಾಲೆಗೆ 1919 ರಲ್ಲಿ ಬೆಂಕಿ ಬಿದ್ದಿತ್ತು. 1920 ರಲ್ಲಿ ರೂತ್ ಶಾಲೆಯ ಬ್ಯಾಂಡ್ ಹುಡುಗರನ್ನು ತಮ್ಮ ತಂಡದ ಜೊತೆ ಊರೂರಿಗೆ ಕರೆದುಕೊಂಡು ಹೋಗಿ ಚಂದಾ ಎತ್ತಿಸಿದರು. ಗೋಡೆಯೊಳಗೆ ಇಟ್ಟ ಶಾಲೆ ಅಂತ ಅವರು ದ್ವೇಷ ಮಾಡಲಿಲ್ಲ.

ಒಳ್ಳೆಯದನ್ನೇ ಬರೆದರೆ ಜೀವನ ಚರಿತ್ರೆ ಆಗುವುದಿಲ್ಲ. ಕುಡಿತ, ರಾತ್ರಿಯೆಲ್ಲಾ ತಿರುಗಾಟ, ಅಳತೆ ಇಲ್ಲದ ಊಟ, ಇವೆಲ್ಲಾ ರೂತ್ ಅವರಿಗೆ ಇದ್ದವು. 1925 ರಲ್ಲಿ ಹೊಟ್ಟೆಯ ಕಾಯಿಲೆಯಾಗಿ ಆಪರೇಷನ್ ಆಯಿತು. ಅದೇ ವರ್ಷ ಮಾತು ಕೇಳಲಿಲ್ಲ ಅಂತ ತಂಡದ ಮ್ಯಾನೇಜರ್ 5000 ಡಾಲರ್ ದಂಡ ಹಾಕಿ ಹೊರಗೆ ಕೂರಿಸಿದರು. ಹೋಂ ರನ್ 25 ಕ್ಕೆ ಇಳಿಯಿತು. ಇವರ ಕಥೆ ಮುಗಿಯಿತು ಅಂತ ಎಲ್ಲರೂ ಅಂದರು. ಇಲ್ಲೇ ನೋಡಿ ನಾನು ಹೇಳಿದ ಮಾತು ಸಾಬೀತಾಗುವುದು. ಅವರ ತೋಳಿಗೆ ಏನೂ ಆಗಿರಲಿಲ್ಲ, ಕೆಟ್ಟಿದ್ದು ನಡು ಮತ್ತು ಕಾಲು. ಚಳಿಗಾಲದಲ್ಲಿ ನ್ಯೂಯಾರ್ಕಿನ ಆರ್ಟಿ ಮೆಕ್‌ಗವರ್ನ್ ಎಂಬ ಉಸ್ತಾದರ ವ್ಯಾಯಾಮಶಾಲೆಗೆ ಹೋಗಿ ಹೊಟ್ಟೆ ಕರಗಿಸಿದರು. ಮರುವರ್ಷ 47 ಹೋಂ ರನ್. 1927 ರಲ್ಲಿ 60! ಅರವತ್ತನೆಯದು ಸೆಪ್ಟೆಂಬರ್ 30 ರಂದು ಬಂತು. ಆ ಸಂಖ್ಯೆ ದಾಟಲು ಬೇರೆಯವರಿಗೆ 34 ವರ್ಷ ಬೇಕಾಯಿತು, 1961 ರಲ್ಲಿ ರೋಜರ್ ಮ್ಯಾರಿಸ್ 61 ಹೊಡೆದರು.

ಕ್ರಿಕೆಟ್ ಅಭಿಮಾನಿಗಳಿಗೆ ಒಂದು ಸುದ್ದಿ. 1932 ರಲ್ಲಿ ನಮ್ಮೆಲ್ಲರಿಗೂ ಗೊತ್ತಿರುವ ಡಾನ್ ಬ್ರಾಡ್ಮನ್ ಅಮೆರಿಕಕ್ಕೆ ಹೋದಾಗ ನ್ಯೂಯಾರ್ಕಿನಲ್ಲಿ ರೂತ್ ಮತ್ತು ಅವರು ಅಕ್ಕಪಕ್ಕ ಕೂತು ಬೇಸ್‌ಬಾಲ್ ಪಂದ್ಯ ನೋಡಿದರು. 1935 ರಲ್ಲಿ ಲಂಡನ್ನಿಗೆ ಹೋಗಿದ್ದ ರೂತ್, ಆಸ್ಟ್ರೇಲಿಯಾದ ಆಟಗಾರ ಅಲನ್ ಫೇರ್‌ಫ್ಯಾಕ್ಸ್ ಅವರ ತರಬೇತಿ ಕೇಂದ್ರದಲ್ಲಿ ಕ್ರಿಕೆಟ್ ಬ್ಯಾಟನ್ನೂ ಹಿಡಿದರು. ಮೊದಲು ಹೇಳಿಕೊಟ್ಟ ಹಾಗೆ ಬ್ಯಾಟು ನೆಲಕ್ಕೂರಿ ನಿಂತರು, ಸರಿ ಹೋಗಲಿಲ್ಲ. ಆಮೇಲೆ ತಮ್ಮದೇ ರೀತಿಯಲ್ಲಿ ಬ್ಯಾಟು ಎತ್ತಿ ಹಿಡಿದು ಬಾರಿಸೋಕೆ ಶುರು ಮಾಡಿದರು. ಇವರಿಬ್ಬರೂ ಒಂದೇ ತಂಡದಲ್ಲಿ ಆಡಿದ್ದರೆ ಹೇಗಿರುತ್ತಿತ್ತು ಅಂತ ನಾನು ಬಹಳ ಸಲ ಯೋಚಿಸಿದ್ದೇನೆ.

ಅದೇ 1935 ಅವರ ಕೊನೆಯ ವರ್ಷ. 40 ವರ್ಷ ವಯಸ್ಸು, ಮೊಣಕಾಲು ಸೋತಿತ್ತು. ಬಾಸ್ಟನ್ ಬ್ರೇವ್ಸ್ ಎಂಬ ಸೋಲುವ ತಂಡದಲ್ಲಿದ್ದರು. ಮೇ 25 ರಂದು ಪಿಟ್ಸ್‌ಬರ್ಗ್‌ನಲ್ಲಿ ಒಂದೇ ದಿನ ಮೂರು ಹೋಂ ರನ್ ಹೊಡೆದರು. ಮೂರನೆಯದು ಬಲಗಡೆಯ ಚಾವಣಿಯನ್ನೇ ದಾಟಿ ಹೋಯಿತು. ಅದೇ ಕಡೆಯದು, ಒಟ್ಟು 714. ಒಂದು ವಾರದಲ್ಲಿ ಆಟ ಬಿಟ್ಟರು. ತಂಡ ನಡೆಸುವ ಮ್ಯಾನೇಜರ್ ಆಗಬೇಕು ಅನ್ನುವುದು ಅವರ ದೊಡ್ಡ ಆಸೆ. ಯಾರೂ ಕೊಡಲಿಲ್ಲ.

714 ರ ದಾಖಲೆಯನ್ನು 8-4-1974 ರಂದು ಹ್ಯಾಂಕ್ ಏರನ್ ಮುರಿದರು. ಏರನ್ ಕಪ್ಪು ವರ್ಣದವರು. ಬಿಳಿಯರ ದಾಖಲೆ ಮುರಿಯಬೇಡ ಅಂತ ಅವರಿಗೆ ಕೊಲೆ ಬೆದರಿಕೆಯ ಪತ್ರಗಳು ಬಂದವು. ಇದನ್ನು ಓದಿದ ಮೇಲೆ ನನಗೆ ಇನ್ನೊಂದು ವಿಷಯ ತಿಳಿಯಿತು. ರೂತ್ ಆಡಿದ ಅಷ್ಟೂ ವರ್ಷ ಅಲ್ಲಿನ ದೊಡ್ಡ ತಂಡಗಳಲ್ಲಿ ಕಪ್ಪು ಜನರನ್ನು ಸೇರಿಸುತ್ತಲೇ ಇರಲಿಲ್ಲ. ಅವರು ಬೇರೆ ಲೀಗುಗಳಲ್ಲಿ ಆಡುತ್ತಿದ್ದರು. ಅಲ್ಲಿ ಜಾಶ್ ಗಿಬ್ಸನ್ ಎಂಬ ಮಹಾ ಹೊಡೆತಗಾರರಿದ್ದರು. ಅವರು ರೂತ್ ಹಾಗೆ ದೊಡ್ಡ ಹೆಜ್ಜೆ ಇಡುತ್ತಿರಲಿಲ್ಲ, ಪಾದ ಊರಿ ನಿಂತು ಸಣ್ಣ ಹೆಜ್ಜೆ ಇಟ್ಟು ಚುಟುಕಾಗಿ ಬೀಸುತ್ತಿದ್ದರು. ಎದೆ, ಹೆಗಲು, ತೋಳು ಕಬ್ಬಿಣದಂತೆ. ಹಾಗಾಗಿ ರಟ್ಟೆ ಪಕ್ಷದ ಸ್ನೇಹಿತರಿಗೂ ಇಲ್ಲಿ ಸ್ವಲ್ಪ ಬೆಂಬಲ ಸಿಗುತ್ತದೆ! ಗಿಬ್ಸನ್ 1947 ರ ಜನವರಿಯಲ್ಲಿ 35 ನೇ ವಯಸ್ಸಿಗೇ ತೀರಿಕೊಂಡರು. ಮೂರು ತಿಂಗಳಿಗೆ, ಏಪ್ರಿಲ್ 15 ರಂದು, ಜ್ಯಾಕಿ ರಾಬಿನ್‌ಸನ್ ಅವರನ್ನು ದೊಡ್ಡ ತಂಡಕ್ಕೆ ಆಡಿಸಿ ಆ ಬಾಗಿಲು ತೆರೆದರು. 2024 ರಲ್ಲಿ ಆ ಬೇರೆ ಲೀಗುಗಳ ಅಂಕಿಗಳನ್ನೂ ದಾಖಲೆಗೆ ಸೇರಿಸಿದರು. ಹೊಡೆತದ ಬಲ ಅಳೆಯುವ ಸರಾಸರಿಯಲ್ಲಿ ಅಲ್ಲಿಯವರೆಗೆ ರೂತ್ 0.690 ರಿಂದ ಮೊದಲಿದ್ದರು. ಈಗ ಗಿಬ್ಸನ್ 0.718 ರಿಂದ ಮೊದಲು. ಸತ್ತು 77 ವರ್ಷ ಆದ ಮೇಲೆ. ರೂತ್ ಅವರ ಮೇಲೆ ನನಗೆ ಅಭಿಮಾನ ಇದೆ, ಆದರೂ ಇದು ನ್ಯಾಯ ಅನ್ನಿಸಿತು.

1946 ರಲ್ಲಿ ರೂತ್ ಅವರಿಗೆ ಎಡಗಣ್ಣಿನ ಹತ್ತಿರ ನೋವು ಬಂತು, ನುಂಗಲು ಕಷ್ಟವಾಯಿತು. ಮೂಗಿನ ಹಿಂದೆ, ಗಂಟಲಿನ ಮೇಲುಗಡೆ ಕ್ಯಾನ್ಸರ್ ಆಗಿತ್ತು. ಆಪರೇಷನ್ ಮಾಡಿದರು, ಕಿರಣ ಚಿಕಿತ್ಸೆ ಕೊಟ್ಟರು. 1947 ರಲ್ಲಿ ಟೆರೋಪ್ಟೆರಿನ್ ಎಂಬ ಹೊಸ ಔಷಧವನ್ನು ಅವರಿಗೆ ಕೊಟ್ಟು ನೋಡಿದರು. ಅಂಥ ಔಷಧ ಪಡೆದ ಮೊದಮೊದಲಿನ ರೋಗಿಗಳಲ್ಲಿ ಅವರೂ ಒಬ್ಬರು. ಕೆಲವು ತಿಂಗಳು ಗುಣ ಕಂಡಿತು, ಮತ್ತೆ ಹೆಚ್ಚಾಯಿತು. ದನಿ ಒಡೆದುಹೋಯಿತು. ಮೈ ಇಳಿದು ಅಂಗಿ ಜೋಲುತ್ತಿತ್ತು.

13-6-1948 ರಂದು ಯಾಂಕೀಸ್ ಕ್ರೀಡಾಂಗಣದ 25 ನೇ ವರ್ಷದ ಸಮಾರಂಭಕ್ಕೆ ಅವರನ್ನು ಕರೆಸಿದರು. ಅವರ 3 ನೇ ನಂಬರಿನ ಅಂಗಿಯನ್ನು ಇನ್ನು ಯಾರಿಗೂ ಕೊಡುವುದಿಲ್ಲ ಅಂತ ಆ ದಿನ ಘೋಷಣೆ ಮಾಡಿದರು. ಒಬ್ಬರೇ ನಡೆದು ಮೈದಾನದೊಳಗೆ ಹೋಗಬೇಕು, ಕಾಲಲ್ಲಿ ಶಕ್ತಿ ಇಲ್ಲ. ಎದುರಾಳಿ ಕ್ಲೀವ್‌ಲ್ಯಾಂಡ್ ತಂಡದ ಆಟಗಾರರೊಬ್ಬರು ಅಲ್ಲಿದ್ದ ಒಂದು ಬ್ಯಾಟು ತೆಗೆದು ಅವರ ಕೈಗೆ ಕೊಟ್ಟರು. ಅದು ಬಾಬ್ ಫೆಲ್ಲರ್ ಎಂಬ ಪಿಚರ್‌ನ ಬ್ಯಾಟು. ಅದನ್ನೇ ಊರುಗೋಲು ಮಾಡಿಕೊಂಡು ನಿಂತರು. ಹಿಂದಿನಿಂದ ತೆಗೆದ ಆ ದಿನದ ಫೋಟೋ ಬಹಳ ಪ್ರಸಿದ್ಧ. ಅದರಲ್ಲಿ ಮುಖ ಕಾಣುವುದಿಲ್ಲ. ಬೆನ್ನ ಮೇಲಿನ 3, ಸಣಕಲು ಕಾಲು ಮತ್ತು ಬ್ಯಾಟಿನ ಮೇಲೆ ಊರಿದ ಕೈ ಕಾಣುತ್ತದೆ.

16-8-1948 ರಂದು ನ್ಯೂಯಾರ್ಕಿನಲ್ಲಿ ತೀರಿಕೊಂಡರು. 53 ವರ್ಷ. ಪಾರ್ಥಿವ ಶರೀರವನ್ನು ಆ ಕ್ರೀಡಾಂಗಣದಲ್ಲೇ ಇಟ್ಟಿದ್ದರು, ಎರಡು ದಿನ ಸಾವಿರಾರು ಜನ ಸಾಲು ನಿಂತು ನೋಡಿದರು. ನ್ಯೂಯಾರ್ಕ್ ಪಟ್ಟಣದ ಹೊರಗೆ ಹಾಥಾರ್ನ್ ಎಂಬಲ್ಲಿ ಅವರ ಸಮಾಧಿ ಇದೆ. ಹೋದವರು ಅದರ ಮುಂದೆ ಹೂವಿನ ಜೊತೆ ಬ್ಯಾಟು, ಚೆಂಡು ಇಟ್ಟು ಬರುತ್ತಾರೆ.